ಅಕ್ಕನ ‘ವುಡ್’

‘ವಿಲ್’ ಒರಟು, ‘ವುಡ್’ ಮೆದು ಎಂದು ನಮ್ಮ ಸಂಜೆ ಕ್ಲಾಸಿನ ಇಂಗ್ಲಿಷ್ ಮೇಡಂ ಒಂದು ದಿನ ಬಾಯಿಬಿಟ್ಟರು. ಅಷ್ಟೇ ಸಾಕಾಯಿತು ನೋಡಿ, ಇಡೀ ಕ್ಲಾಸಿಗೆ ವುಡ್ ಹುಚ್ಚು ಹಿಡಿಯಿತು. ‘ಐ ವುಡ್ ಗೋ ಟು ಟಾಯ್ಲೆಟ್’ ಎಂದು ಹೇಳಿ ನಮ್ಮ ಜೊತೆ ಕಲಿಯುತ್ತಿದ್ದ ಬೇಕರಿಯವನು ಎದ್ದು ಓಡುತ್ತಿದ್ದ. ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವಳು ನಮ್ಮಕ್ಕ. ಅವಳಿಗೆ ಅರ್ಧಂಬರ್ಧ ಎನ್ನುವುದೇ ಗೊತ್ತಿಲ್ಲ.

ಮರುವಾರ ಮೇಡಂ ತಲೆ ಚಚ್ಚಿಕೊಂಡರು. ‘‘ಕೇಳೋವಾಗ ವುಡ್ ಮೆದು. ‘ಬರ್ತೀರಾ’ ಅಂತ ಕೇಳಿದ್ರೆ ಉತ್ತರ ವಿಲ್. ‘ಐ ವುಡ್ ಕಮ್’ ಅಂದ್ರೆ ‘ಬರ್ತಿದ್ದೆ’ ಅಂದ ಹಾಗೆ. ಕೇಳಿದವರು ‘ಆದ್ರೆ?’ ಅಂತ ಬಾಯಿ ನೋಡ್ತಾ ಕೂತ್ಕೋತಾರೆ!’’

ಅಕ್ಕ ತಲೆಯಾಡಿಸಿದಳು. ಮನೆಗೆ ಬಂದು, ‘‘ಐ ವುಡ್ ಸ್ಲೀಪ್’’ ಎಂದು ಮಲಗಿದಳು. ಅಂಥವಳಿಗೆ ಏನು ಹೇಳುವುದು?

ನಮ್ಮಿಬ್ಬರದೂ ಒಂದೇ ಹೊಲಿಗೆ ಅಂಗಡಿ. ಕತ್ತರಿ ಅವಳದು, ಕಾಜಾ, ಗುಂಡಿ, ಕೊಕ್ಕೆ, ಇಸ್ತ್ರಿ ನನ್ನದು. ಹೋದ ವರ್ಷ ಎದುರಿನ ರಂಗಮಂದಿರಕ್ಕೆ ಹೊರದೇಶದ ನಾಟಕ ತಂಡವೊಂದು ಬಂದಿತ್ತು. ಪರದೆ ಏಳುವ ಹೊತ್ತಿಗೆ ರಾಜನ ನಿಲುವಂಗಿ ಪರ್ರೆಂದು ಹರಿಯಿತು. ಅಕ್ಕ ಹೊಲಿದುಕೊಟ್ಟ ಮೇಲೆ ಹರಿದದ್ದು ಎಲ್ಲೆಂದು ರಾಜನಿಗೇ ತಿಳಿಯಲಿಲ್ಲ. ಈಗ ಆ ತಂಡದ ಉಡುಪು ನೋಡಿಕೊಳ್ಳುವ ಹೆಂಗಸು ವಿಡಿಯೋ ಕಾಲ್ ಮಾಡುತ್ತೇನೆಂದಿದ್ದರು. ಇಂಗ್ಲಿಷಿನಲ್ಲಿ ನಿಭಾಯಿಸಿದರೆ ಅಕ್ಕನಿಗೆ ಕೆಲಸ, ದೇಶ ದೇಶ ಸುತ್ತುವ ಕೆಲಸ!

ಅದು ಅವಳಿಗೆ ಸಿಗಲೇಬೇಕಿತ್ತು. ಗೋಡೆಯ ಭೂಪಟದ ಮುಂದೆ ಅವಳು ನಿಟ್ಟುಸಿರು ಬಿಡುವುದನ್ನು ನಾನು ಕಂಡವಳು. ನನಗೆ ಹೊಟ್ಟೆಕಿಚ್ಚು ಇರಲಿಲ್ಲವೇ? ಇತ್ತು, ಸುಳ್ಳೇಕೆ? ಅವಳಿಲ್ಲದ ಅಂಗಡಿಯನ್ನು ನೆನೆದರೆ ಅಳುವೂ ಬರುತ್ತಿತ್ತು. ಆದರೂ ಅವಳು ಗೆದ್ದರೆ ಸಾಕೆಂದೇ ಬೇಡಿಕೊಳ್ಳುತ್ತಿದ್ದೆ.

ದಾರದ ಡಬ್ಬಿಗೆ ಫೋನು ಒರಗಿಸಿದೆವು. ನಾನು ಫೋನಿನ ಹಿಂದೆ, ಆಕೆಗೆ ಕಾಣದಂತೆ ನಿಂತೆ.

‘‘ಕ್ಯಾನ್ ಯು ವರ್ಕ್ ಫಾಸ್ಟ್?’’ ಎಂದರು ಆಕೆ.

‘‘ಐ ಕ್ಯಾನ್!’’

ದಾರ ಸಿಕ್ಕಾಗದೆ ಮಿಷಿನ್ ಓಡಿದಂತೆ ಮಾತು ಓಡಿತು. ಆಕೆ ನಕ್ಕರು, ಅಕ್ಕನೂ ನಕ್ಕಳು. ಕೊನೆಗೆ ಆ ಪ್ರಶ್ನೆ ಬಂತು.

‘‘ವಿಲ್ ಯು ಕಮ್?’’

‘‘ಐ ವುಡ್ ಕಮ್!’’ ಎಂದಳು ನಮ್ಮಮ್ಮನ ಹಿರಿಮಗಳು, ಹಲ್ಲು ಕಾಣುವಂತೆ ನಗುತ್ತ.

ಆ ಕಡೆಯ ನಗು ನಿಂತಿತು. ‘‘ಇಫ್?’’ ಎಂದರು ಆಕೆ. ಏನು ಷರತ್ತು ಎಂದು ಕೇಳಿದ್ದು.

ಹೋಯಿತು, ಎಲ್ಲ ಹೋಯಿತು! ನಾನು ಇಸ್ತ್ರಿ ಮೇಜಿನ ಪಕ್ಕ ಕುಣಿದೆ, ‘ವಿಲ್ ಅನ್ನೇ, ವಿಲ್!’ ಎಂದು ಸದ್ದಿಲ್ಲದೆ ಬಾಯಿ ಆಡಿಸಿದೆ. ಅಕ್ಕ ನನ್ನನ್ನೇ ನೋಡಿದಳು. ನನ್ನ ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪು ನೋಡಿದಳು. ಆಮೇಲೆ ಫೋನಿನ ಕಡೆ ತಿರುಗಿದಳು.

‘‘ಇಫ್ ಮೈ ಸಿಸ್ಟರ್ ಕ್ಯಾನ್ ಕಮ್.’’

ನನ್ನ ಕುಣಿತ ನಿಂತಿತು.

‘‘ಕ್ಯಾನ್ ಶಿ ಸ್ಯೂ?’’ ಹೊಲಿಯಲು ಬರುತ್ತದೆಯೇ ಎಂದು ಆಕೆ ಕೇಳಿದರು.

‘‘ಶಿ ಮಸ್ಟ್!’’ ಎಂದಳು ಅಕ್ಕ. ಅದು ಹೊಗಳಿಕೆಯೋ ಅಪ್ಪಣೆಯೋ ದೇವರಿಗೇ ಗೊತ್ತು. ಆಕೆ ಬಿದ್ದು ಬಿದ್ದು ನಕ್ಕರು. ಆವತ್ತು ಹಾಕಿಕೊಟ್ಟ ನಿಲುವಂಗಿಯ ಕೊಕ್ಕೆಗಳು ಇವತ್ತಿಗೂ ಅಲ್ಲಾಡಿಲ್ಲ, ಅವು ಯಾರ ಕೈಕೆಲಸ ಎಂದು ಕೇಳಿದರು. ಅಕ್ಕ ನನ್ನ ಕಿವಿ ಹಿಡಿದು ಫೋನಿನ ಮುಂದಕ್ಕೆ ಎಳೆದಳು.

‘‘ವಿಲ್ ಯು ಕಮ್?’’

ನನ್ನ ನಾಲಿಗೆಯ ತುದಿಗೂ ಹಾಳು ವುಡ್ಡೇ ಬಂದಿತ್ತು. ನುಂಗಿಕೊಂಡೆ.

‘‘ಐ ವಿಲ್! ಐ ವಿಲ್!’’

ಫೋನು ಇಟ್ಟ ಮೇಲೆ ಅಂಗಡಿ ತುಂಬ ಕುಣಿದಾಡಿದೆವು. ಉಸಿರು ಬಂದ ಮೇಲೆ ಕೇಳಿದೆ, ‘‘ಅಕ್ಕಾ, ಆ ವುಡ್ಡು ಬಾಯಿ ತಪ್ಪಿ ಅಂದ್ಯಾ, ಬೇಕಂತಲೇ ಅಂದ್ಯಾ?’’

ಅಕ್ಕ ಕಣ್ಣು ಒರೆಸಿಕೊಂಡಳು.

‘‘ಬಾಯಿ ತಪ್ಪಿಯೇ ಬಂತು ಕಣೇ. ಆದ್ರೆ ಸುಳ್ಳೇನೂ ಅಲ್ವಲ್ಲ.’’