ನೀರು ಬೆರೆಸಿದ ಹಾಲು

ಸಗಣಿ ಕುಳ್ಳಿನ ಹೊಗೆ ಹಿಡಿದ ಕಾದ ಎಮ್ಮೆ ಹಾಲಿನ ವಾಸನೆ ನನಗೆ ಇನ್ನೂ ನೆನಪಿದೆ. ನನ್ನ ತಮ್ಮ ಹುಟ್ಟಿದಾಗ ಅವ್ವನಿಗೆ ಎದೆಹಾಲು ಬರಲಿಲ್ಲ. ನಮ್ಮ ಅಜ್ಜಿ ಎಮ್ಮೆ ಹಾಲಿಗೆ ಸಮಸಮ ನೀರು ಬೆರೆಸಿ ಒಳಲೆಯಲ್ಲಿ ಕುಡಿಸುತ್ತಿದ್ದಳು. ದಪ್ಪ ಹಾಲು ಕೂಸಿಗೆ ಅರಗುವುದಿಲ್ಲ ಎನ್ನುತ್ತಿದ್ದಳು. ಆಮೇಲೆ ನಾನು ಬಿ.ಎಸ್ಸಿ. ಓದಿದೆ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ. ಆ ಮಾತು ಮಾತ್ರ ತಲೆಯಿಂದ ಹೋಗಿರಲಿಲ್ಲ.

ಸೊಸೆ ದಾನೇಶ್ವರಿ ಬಾಣಂತನ ಮುಗಿಸಿ ಖಾನಾಪುರದ ತವರಿನಿಂದ ಪೀರನವಾಡಿಯ ನಮ್ಮ ಮನೆಗೆ ಬಂದಾಗ ಮೊಮ್ಮಗಳು ಸಮೃದ್ಧಿಗೆ ಎರಡೂವರೆ ತಿಂಗಳು. ಖಾಸಗಿ ಶಾಲೆಯ ಕೆಲಸ, ಸಿಕ್ಕ ರಜೆ ಅಷ್ಟೇ. ಶಾಲೆಗೆ ಹೋಗುವ ಮುಂಚೆ, ಬಂದ ಮೇಲೆ ಎದೆಹಾಲು ಕೊಡುತ್ತಿದ್ದಳು. ಹಗಲಿನ ಮೂರು ಹೊತ್ತು ಡಬ್ಬಿಯ ಹಾಲು. ಅದು ಅತ್ತೆಯಾದ ನನ್ನ ಪಾಲಿಗೆ. ನೂರಾ ಇಪ್ಪತ್ತು ಎಂಎಲ್ ನೀರಿಗೆ, ಡಬ್ಬಿಯಲ್ಲಿರುವ ಚಮಚೆಯಿಂದಲೇ, ಮಟ್ಟಸವಾಗಿ ನಾಲ್ಕು ಚಮಚೆ ಪುಡಿ ಎಂದು ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು.

ಮೊದಲ ದಿನ ನಾಲ್ಕೇ ಹಾಕಿದೆ. ಹಾಲು ದಪ್ಪ ಕಂಡಿತು. ಕೂಸು ತುಸು ಕಕ್ಕಿತು. ಮರುದಿನದಿಂದ ಎರಡೇ ಹಾಕಿದೆ. ಯಾರಿಗೂ ಹೇಳಲಿಲ್ಲ, ಹೇಳಬೇಕಾದ ಸಂಗತಿ ಎಂದೂ ಅನಿಸಲಿಲ್ಲ.

ಸಮೃದ್ಧಿ ಬಾಟಲಿ ಬರಿದು ಮಾಡಿಯೂ ಅಳುತ್ತಿದ್ದಳು. ಬಟ್ಟೆ ಮೇಲಿಂದ ಮೇಲೆ ಒದ್ದೆಯಾಗುತ್ತಿದ್ದುದರಿಂದ ಹೊಟ್ಟೆಗೆ ಸಾಕಷ್ಟು ಹೋಗುತ್ತಿದೆ ಎಂದುಕೊಂಡೆ. ಅಳುವಿಗೆ ಬೇರೆ ಕಾರಣ ಹುಡುಕಿದೆ. ಖಾನಾಪುರಕ್ಕೆ ಫೋನ್ ಮಾಡಿ, ದಾನೇಶ್ವರಿಯ ತಾಯಿ ಗಂಗಾದೇವಿಯವರಿಗೆ, ನೀವು ಸದಾ ಎತ್ತಿಕೊಂಡು ಕೂಸಿನ ರೂಢಿ ಕೆಡಿಸಿದ್ದೀರಿ ಎಂದೆ. ಅವರು ನಕ್ಕು, ಇದ್ದರೂ ಇರಬಹುದು ಎಂದರು.

ಹದಿನಾಲ್ಕನೇ ವಾರದ ಲಸಿಕೆಗೆ ಹೋದಾಗ ತೂಗಿದರು. ಒಂದು ತಿಂಗಳಲ್ಲಿ ನೂರೈವತ್ತು ಗ್ರಾಂ ಮಾತ್ರ ಏರಿತ್ತು. ಹಾಲು ಹೇಗೆ ಕಲಸುತ್ತೀರಿ ಎಂದು ಡಾಕ್ಟರಮ್ಮ ಕೇಳಿದರು. ದಾನೇಶ್ವರಿ ಸರಿಯಾಗಿಯೇ ಹೇಳಿದಳು. ಡಬ್ಬಿ ಎಷ್ಟು ದಿನ ಬರುತ್ತದೆ ಎಂದಾಗ, ಎರಡು ವಾರ ಎಂದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ವಾರಕ್ಕ ಮುಗೀಬೇಕು ಅದು. ಕೂಸಿಗೆ ಬರೇ ನೀರು ಕುಡಿಸೀರಿ. ತಾಯಿ ಆಗಿ ಇಷ್ಟೂ ನೋಡೂದಿಲ್ಲೇನು?”

ದಾನೇಶ್ವರಿ ಒಮ್ಮೆ ನನ್ನ ಕಡೆ ನೋಡಿದಳು. “ತಪ್ಪಾತ್ರಿ ಡಾಕ್ಟರ್. ಇನ್ನ ಮ್ಯಾಲ ನೋಡ್ಕೋತೀನಿ,” ಎಂದಳು. ನಾನು ಸಮೃದ್ಧಿಯ ಕುಂಚಿಗೆಯ ಗಂಟು ಕಟ್ಟುತ್ತ ಕೂತಿದ್ದೆ.

ಸಂಜೆ ಮಗ ಬಸವಪ್ರಸಾದ ಪಕ್ಕದೂರು ಮಚ್ಛೆಯ ಕಾರ್ಖಾನೆಯಿಂದ ಬಂದು ಹೆಂಡತಿಯನ್ನೇ ಬೈದ. ಆಗಲೂ ನಾನು ಬಾಯಿ ಬಿಡಲಿಲ್ಲ. ಮರುದಿನ ಅವಳು ರಜೆ ಹಾಕಿ ಕೂಸಿನೊಂದಿಗೆ ಖಾನಾಪುರಕ್ಕೆ ಹೋದಳು. ಇನ್ನು ಸಮೃದ್ಧಿಯನ್ನು ನನ್ನ ಕೈಗೆ ಕೊಡುತ್ತಾಳೋ ಇಲ್ಲವೋ ಎಂದು ನಾನು ಖಾಲಿ ತೊಟ್ಟಿಲ ಬಳಿ ಕೂತೆ.

ಮೂರನೇ ದಿನ ಮಗನಿಗೆ ನಿಜ ಹೇಳಿದೆ. ಅವನು ಖಾನಾಪುರದ ಬಸ್ಸಿಗೆಂದು ನನ್ನನ್ನು ಸ್ಟಾಪಿಗೆ ಬಿಟ್ಟ. ಬಸ್ಸಿನಲ್ಲಿ ಕಂಡಕ್ಟರ್ ಯಾರನ್ನೋ ಎಬ್ಬಿಸಿ ನನಗೆ ಕಿಟಕಿ ಬದಿಯ ಸೀಟು ಕೊಡಿಸಿದ. ಆ ಸೌಜನ್ಯವೂ ನನಗೆ ಸಲ್ಲದ್ದು ಅನಿಸಿತು.

ಖಾನಾಪುರದ ಮನೆಯ ಪಡಸಾಲೆಯಲ್ಲಿ ದಾನೇಶ್ವರಿ ಕೂಸಿಗೆ ಬಾಟಲಿ ಹಿಡಿದಿದ್ದಳು. ಕೂರುವ ಮುಂಚೆಯೇ ಹೇಳಿದೆ.

“ತಪ್ಪು ನಂದ್ರಿ, ಗಂಗಾದೇವಿಯವರ. ನಾಕರ ಬದಲಿ ಎರಡ ಚಮಚಿ ಹಾಕೀನಿ. ನನ್ನ ಸಲುವಾಗಿ ಇಕಿ ಬೈಸಿಕೊಂಡಾಳ.”

“ಬಿ.ಎಸ್ಸಿ. ಮಾಡಿದವರು ನೀವು,” ಎಂದರು ಗಂಗಾದೇವಿ. “ನಾ ಏಳನೇತ್ತಕ್ಕ ಸಾಲಿ ಬಿಟ್ಟಾಕಿ. ನನಗೂ ನಾಕರ ತನಕ ಎಣಿಸಾಕ ಬರತೈತ್ರಿ.”

ನಾನು ತಲೆ ತಗ್ಗಿಸಿದೆ. ದಾನೇಶ್ವರಿ ಬಾಟಲಿಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದಳು. “ಎರಡ ಹಾಕಿದ್ದಕ್ಕ ಸಿಟ್ಟಿಲ್ರಿ ಅತ್ತಿ. ಡಾಕ್ಟರ್ ಮುಂದ ಸುಮ್ಮ ಕುಂತ್ರಿ ನೋಡ್ರಿ, ಅದಕ್ಕ.”

ನಾನು ಅವಳ ಎದುರು ನೆಲಕ್ಕೆ ಕೂತೆ.

ಬಾಟಲಿಯನ್ನು ತುಸು ಓರೆ ಮಾಡಿ, ರವಿವಾರ ಪೀರನವಾಡಿಗೆ ಬರುವುದಾಗಿ ಹೇಳಿದಳು. ಇನ್ನು ಮುಂದೆ ಮೂರು ಹೊತ್ತಿನ ಪುಡಿಯನ್ನು ತಾನೇ ಅಳೆದು ಮೂರು ಸಣ್ಣ ಡಬ್ಬಿಗಳಲ್ಲಿಟ್ಟು ಶಾಲೆಗೆ ಹೋಗುತ್ತಾಳಂತೆ. ನಾನು ಕುದಿಸಿ ಆರಿಸಿದ ನೀರಿಗೆ ಕಲಸಿ ಕೊಟ್ಟರೆ ಸಾಕು. ಆಗಲಿ ಎಂದೆ. ಅಷ್ಟು ಕೊಟ್ಟದ್ದೇ ಹೆಚ್ಚು.

ಸಮೃದ್ಧಿ ಹಾಲು ಮುಗಿಸಿ, ಬಾಯಿ ತೆರೆದುಕೊಂಡೇ ನಿದ್ದೆ ಹೋದಳು. ನನ್ನ ತೊಡೆಯ ಮೇಲೆ ಅವಳು ಒಮ್ಮೆಯೂ ಹಾಗೆ ಮಲಗಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆಂದು ಎದ್ದೆ. ಗಂಗಾದೇವಿ ಒಳಗಿನಿಂದ ತಟ್ಟೆ ತಂದರು. ಬಿಸಿ ಅನ್ನ, ಕಟ್ಟಿನ ಸಾರು, ಅಂಚಿನಲ್ಲಿ ಒಂದು ಚಪಾತಿ. ಹಸಿವಿಲ್ಲ ಎಂದೆ. ಅವರು ನನ್ನ ಕೈಚೀಲವನ್ನು ತೆಗೆದು ಬದಿಗಿಟ್ಟು, ತಟ್ಟೆಯನ್ನು ನನ್ನ ಎರಡೂ ಕೈಗಳಲ್ಲಿ ಇಟ್ಟರು.