ಓದಲು ಬಾರದ ಊರಿನಲ್ಲಿ

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಚೂರಿನಿಂದ ಮಗಳು ಅಪ್ಪನ ಹೆಬ್ಬೆರಳಿನ ಉಗುರನ್ನು ಮೂರನೆಯ ಸಲ ಉಜ್ಜಿದಳು. ಸಂದಿಯಲ್ಲಿ ಕೂತಿದ್ದ ಕೆಂಪು ಬಣ್ಣ ಜಗ್ಗಲಿಲ್ಲ.

"ಬಿಡು ಪುಟ್ಟಿ," ಎಂದ ಏಣಿ ಮಾಮ. "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ, ಸೀಮೆಎಣ್ಣೆಗೆ ಹೋಗುತ್ತಾ?" ಹೇಳಿದ ಮೇಲೆ, ಸಾವಿನ ಮನೆಯಲ್ಲಿ ಸುಡುವ ಮಾತಾಡಿದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡ.

ಪುಟ್ಟಿಗೆ ಈಗ ಐವತ್ತೆರಡು. ದೊಡ್ಡ ಆಸ್ಪತ್ರೆಯೊಂದರಲ್ಲಿ ಹಿರಿಯ ನರ್ಸು. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಮೊನ್ನೆಯವರೆಗೂ ಮೇಜಿನ ಮೇಲೆ ಮನೆನಂಬರಿನ ಹಲಗೆಗಳನ್ನಾದರೂ ಬರೆಯುತ್ತಲೇ ಇದ್ದ. ಅವನು ಮೇಲೆ ನಿಂತು ಬರೆದಷ್ಟು ವರ್ಷವೂ ಕೆಳಗೆ ಏಣಿ ಹಿಡಿದು ನಿಂತವನು ಈ ಮಾಮ. ಸಂಬಂಧಿಯೇನಲ್ಲ, ಮಕ್ಕಳು ಕರೆದ ಹೆಸರೇ ಗಟ್ಟಿಯಾಯಿತು. ನಿಜವಾದ ಹೆಸರು ಅವನಿಗಾದರೂ ನೆನಪಿದೆಯೋ ಇಲ್ಲವೋ.

ಗೋಡೆಗೊರಗಿ ಕುಳಿತಿದ್ದ ಅತ್ತೆ ಬಂದವರಿಗೆಲ್ಲ ಅಣ್ಣನ ಕಥೆ ಹೇಳುತ್ತಿದ್ದಳು. "ಅರವತ್ತೆಂಟನೇ ವಯಸ್ಸಲ್ಲಿ ಒಬ್ಬನೇ ಪರದೇಶಕ್ಕೆ ಹೋಗಿದ್ದ, ಪಾಪ. ಭಾಷೆ ಬರಲ್ಲ, ಗುರುತಿನವರಿಲ್ಲ. ಬಂದಮೇಲೆ ಅದರ ಬಗ್ಗೆ ಬಾಯೇ ಬಿಡಲಿಲ್ಲ. ಅಲ್ಲಿ ಏನು ಅನುಭವಿಸಿದ್ನೋ."

"ಜೊತೆಗೆ ಹೋಗೋರು ಯಾರೂ ಇರಲಿಲ್ವಾ?" ಎಂದಳು ಪಕ್ಕದ ಮನೆಯಾಕೆ.

ಅತ್ತೆ ಅಣ್ಣನ ಮಗಳ ಕಡೆಗೊಮ್ಮೆ ನೋಡಿದಳು. ಅಷ್ಟೇ ಸಾಕಾಗಿತ್ತು.

ಮಗಳು ಬಟ್ಟೆಚೂರನ್ನು ಮಡಿಸಿಟ್ಟು ಎದ್ದಳು. ಏಳು ವರ್ಷದಿಂದ ಅವಳಿಗೆ ತಿಳಿಯಬೇಕಿದ್ದದ್ದು ಒಂದೇ: ಅಪ್ಪನಿಗೆ ತನ್ನ ಮೇಲೆ ಸಿಟ್ಟಿತ್ತೇ? ಇವತ್ತು ಕೇಳೋಣ, ನಾಳೆ ಕೇಳೋಣ ಎಂದು ದಿನ ತಳ್ಳಿದ್ದಳು. ಈಗ ಕೇಳುವುದು ಯಾರನ್ನು?

*

ಪೇಟೆಯ ಪ್ರವಾಸದ ಕಚೇರಿಯೊಂದರ ಗೋಡೆಯ ಮೇಲೆ ಅಪ್ಪ ಸಮುದ್ರದಾಚೆಯ ಊರೊಂದರ ಹೆಸರು ಬರೆಯುತ್ತಿದ್ದ. ಆಳೆತ್ತರದ ಹಳದಿ ಅಕ್ಷರ, ಅದಕ್ಕೆ ನೀಲಿ ನೆರಳು. ಬಿಸಿಲಿಗೆ ಮಾಸಿತೆಂದರೆ ಮತ್ತೆ ಬರೆಯುವುದು. "ಇಷ್ಟು ಸಲ ಹೆಸರು ಬರೆದಿದ್ದೀನಿ, ಒಂದು ಸಲ ಮುಖ ನೋಡ್ಬೇಡ್ವಾ?" ಎನ್ನುತ್ತಿದ್ದ.

ಅಮ್ಮ ಹೋದ ಮೇಲೆ ಮಗಳೇ ಹೊರಡಿಸಿದಳು. ಎರಡು ಟಿಕೆಟ್ಟು, ಎಂಟು ದಿನ. ಹೊರಡುವ ಹಿಂದಿನ ದಿನ ಆಸ್ಪತ್ರೆಯಲ್ಲಿ ಮೂವರು ನರ್ಸುಗಳು ಜ್ವರ ಬಂದು ಮಲಗಿದರು. ಇವಳ ರಜೆ ರದ್ದಾಯಿತು.

ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತು ಅಪ್ಪನ ಜೇಬಿಗೆ ಹೋಟೆಲಿನ ವಿಳಾಸ ತುರುಕಿದಳು. "ಮಾತ್ರೆ ಮರೀಬೇಡ. ತುಂಬಾ ನಡೀಬೇಡ. ಹುಷಾರು." ಅದಕ್ಕೂ ಮೂರು ವರ್ಷದ ಹಿಂದೆ ಅವನು ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಾಗ, ಇನ್ನು ಹತ್ತಕೂಡದು ಎಂದು ಏಣಿಯನ್ನೇ ಯಾರಿಗೋ ದಾನ ಮಾಡಿದ್ದವಳು ಇವಳು. ಆಗಲೂ ಅಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಈಗಲೂ "ಸರಿ" ಎಂದು ಪೆಟ್ಟಿಗೆ ಎಳೆದುಕೊಂಡು ಹೊರಟ.

ದಿನವೂ ಸಂಜೆ ಫೋನು ಮಾಡಿದಳು.

"ಏನೇನು ನೋಡ್ದೆ ಅಪ್ಪ?"

"ಎಲ್ಲಾ ನೋಡ್ದೆ. ಇಡ್ಲಾ?"

ವಾಪಸು ಬಂದವನು "ಚೆನ್ನಾಗಿತ್ತು" ಎಂದ, ಅಷ್ಟೇ. ಒಂದು ಫೋಟೋ ಕೂಡ ಇರಲಿಲ್ಲ.

*

ಸ್ಮಶಾನಕ್ಕೆ ಹೊರಟ ವ್ಯಾನಿನಲ್ಲಿ ಒಂದು ಕಡೆ ಮಗಳು ಮತ್ತು ಅತ್ತೆ, ಎದುರಿಗೆ ಮಾಮ, ನಡುವೆ ಅಪ್ಪ. ಮಗಳು ತಡೆಯಲಾರದೆ ಕೇಳಿಯೇಬಿಟ್ಟಳು. "ಮಾಮ, ನಾನು ಜೊತೆಗೆ ಹೋಗಲಿಲ್ಲ ಅಂತ ಅಪ್ಪನಿಗೆ ಸಿಟ್ಟಿತ್ತಾ?"

ಮಾಮ ಕಿಟಕಿಯ ಕಡೆ ತಿರುಗಿದ. "ಹೇಳಬಾರದು ಅಂತ ಆಣೆ ಹಾಕಿಸ್ಕೊಂಡಿದ್ದ."

"ಆಣೆ ಹಾಕಿಸ್ಕೊಂಡೋನು ಇಲ್ಲಿ ಮಲಗಿದ್ದಾನೆ. ಹೇಳು ಮಾಮ."

"ಸಿಟ್ಟಲ್ಲ ಪುಟ್ಟಿ. ನೀನು ಬರದೇ ಇದ್ದಿದ್ದೇ ಒಳ್ಳೇದಾಯ್ತು ಅಂದ. ಅದನ್ನ ಮಗಳ ಮುಖಕ್ಕೆ ಹೇಳೋಕಾಗುತ್ತಾ? ನೊಂದ್ಕೋತಾಳೆ ಅಂತ ಸುಮ್ಮನಾದ."

"ಇದೇನು ಮಾತು, ಇಂಥ ಹೊತ್ತಲ್ಲಿ!" ಎಂದು ಅತ್ತೆ ರೇಗಿದಳು. ಮಾಮ ಕೇಳಿಸಿಕೊಳ್ಳಲಿಲ್ಲ.

"ಎರಡನೇ ದಿನ ಅಲ್ಲೊಬ್ಬ ಬೋರ್ಡು ಬರೀತಿದ್ನಂತೆ. ಇಳಿಜಾರು ಬೀದಿ, ಏಣಿ ಹಿಡಿಯೋಕೆ ಒಂದು ನರಪಿಳ್ಳೆ ಇಲ್ಲ. ಹಿಡಿಯೋರಿಲ್ಲದ ಏಣಿ ಕಂಡ್ರೆ ನಮ್ಮ ಕಸುಬಿನೋರು ದಾಟಿ ಹೋಗಲ್ಲ. ಹೋಗಿ ಹಿಡ್ಕೊಂಡ. ಮಿಕ್ಕ ದಿನ ಎಲ್ಲಾ ಅಲ್ಲೇ. ಅವನ ಮಾತು ಇವನಿಗೆ ಬರಲ್ಲ, ಇವನದ್ದು ಅವನಿಗೆ ಬರಲ್ಲ. ಅದಕ್ಕೇ ಒಂದು ದಿನ ಜಗಳ ಇಲ್ಲ."

"ಊರು ನೋಡಲಿಲ್ವಾ?"

"ಎಲ್ಲಿಂದ? ಮೂರನೇ ದಿನ ಕೈಗೆ ಕುಂಚ ಬಂತು. ಅಕ್ಷರ ಕೊರೆದ ಕಾಗದ ಗೋಡೆಗೆ ಒತ್ತಿ, ಗುರುತು ಮಾಡ್ಕೊಂಡು, ಬಣ್ಣ ತುಂಬಿದ. ಅರ್ಧ ಆಗೋಷ್ಟರಲ್ಲಿ ಅಂಗಡಿಯವನು ಲಬೋ ಲಬೋ ಅಂತ ಓಡಿ ಬಂದ. ಕಾಗದ ತಲೆಕೆಳಗು! ಜೀವನದಲ್ಲಿ ಒಂದು ಒತ್ತು, ಒಂದು ದೀರ್ಘ ತಪ್ಪಿದೋನಲ್ಲ, ಅಲ್ಲಿ ಹೋಗಿ ಇಡೀ ಸಾಲಿಗೆ ಲಾಗ ಹಾಕಿಸಿದ್ದ. ಆ ಬೋರ್ಡಿನವನು ನಗ್ತಾ ನಗ್ತಾ ರಸ್ತೆ ಮೇಲೇ ಕೂತ್ಬಿಟ್ನಂತೆ."

ಮಗಳು ಮುಂದಕ್ಕೆ ಬಾಗಿದಳು. "ಏಣಿ ಹತ್ತಿದ್ನಾ?"

"ಹತ್ತದೆ ಇರ್ತಾನಾ? ನೀನಿದ್ದಿದ್ರೆ ಬಿಡ್ತಿದ್ಯಾ, ಹೇಳು?"

ಬಿಡುತ್ತಿರಲಿಲ್ಲ. ಖಂಡಿತ ಬಿಡುತ್ತಿರಲಿಲ್ಲ. ಬೀದಿಯೆಲ್ಲ ಕೇಳುವ ಹಾಗೆ ಗದರಿ ಇಳಿಸುತ್ತಿದ್ದಳು. ಅದನ್ನು ನೆನೆದದ್ದೇ ತಡ, ಅವಳಿಗೆ ನಗು ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. "ಏಯ್, ಜನ ಏನಂದ್ಕೋತಾರೆ!" ಎಂದು ಅತ್ತೆ ತೋಳು ಚಿವುಟಿದಳು. ಡ್ರೈವರು ಗಾಬರಿಯಾಗಿ ಗಾಡಿ ನಿಧಾನ ಮಾಡಿದ. ನಗು ಯಾವಾಗ ಅಳುವಾಯಿತೋ ಅವಳಿಗೂ ತಿಳಿಯಲಿಲ್ಲ. ಸಿಟ್ಟಿರಲಿಲ್ಲ, ತಾನಿಲ್ಲದೆಯೇ ಅಪ್ಪ ಖುಷಿಯಾಗಿದ್ದ. ಎದೆ ಹಗುರವಾಯಿತು, ಹೊಟ್ಟೆಯೂ ಉರಿಯಿತು, ಎರಡೂ ನಿಜ.

*

ಆ ಊರಿನಲ್ಲಿ ಅದು ಕೊನೆಯ ಸಂಜೆ. ಮೇಲಿನ ಸಾಲೊಂದು ಉಳಿದಿತ್ತು. ಅಲ್ಲಿಯ ಬೋರ್ಡಿನವನು ಏಣಿಯ ಕಡೆ ಕೈ ತೋರಿಸಿ, ತಾನು ಬುಡ ಹಿಡಿದು ನಿಂತ. ಮುದುಕ ತನ್ನ ಮಣಿಕಟ್ಟನ್ನೊಮ್ಮೆ ತಿರುಗಿಸಿ ನೋಡಿಕೊಂಡು ಹತ್ತಿದ.

ಮೇಲಿನಿಂದ ಬೀದಿಯುದ್ದಕ್ಕೂ ಬೋರ್ಡುಗಳು ಕಂಡವು. ಒಂದನ್ನೂ ಓದಲು ಬಾರದು. ಶಾಲೆಗೆ ಸೇರುವ ಮುಂಚೆ ಅಕ್ಷರಗಳೆಲ್ಲ ಹೀಗೆಯೇ ಕಾಣುತ್ತಿದ್ದವಲ್ಲವೇ, ಬರೀ ಚಂದಕ್ಕೆ ಎಂದುಕೊಂಡ. ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಎಲ್ಲಿದ್ದೀಯ ಅಪ್ಪ? ಏನದು ಗಾಳಿ ಸದ್ದು?"

"ಫ್ಯಾನು," ಎಂದ ಅವನು. "ರೂಮಲ್ಲೇ ಇದ್ದೀನಿ ಪುಟ್ಟಿ. ಕಾಲು ಚಾಚ್ಕೊಂಡು ಆರಾಮಾಗಿದ್ದೀನಿ. ಇಡ್ಲಾ?"

ಫೋನನ್ನು ಜೇಬಿಗಿಳಿಸಿ, ಕುಂಚವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಇನ್ನೊಂದು ಮೆಟ್ಟಿಲು ಹತ್ತಿದ.