ಮಾರೆವ್ವನ ಕಾಲಿನ ನಾರು

ಇದನ್ನು ಹೇಳಲು ನಾನು ತಕ್ಕವನಲ್ಲ, ಕ್ಷಮಿಸಬೇಕು. ಹಗಲು ಕೂಲಿ ಮಾಡಿ, ಸಂಜೆ ದಾದೇಸಾಬ ಮಾಸ್ತರರ ಶಾಲೆಯಲ್ಲಿ ನಾಲ್ಕಕ್ಷರ ಕಲಿತವನು. ಕಲಿತದ್ದನ್ನು ಸರಿಯಾಗಿ ತಿಳಿದುಕೊಂಡೆನೋ ಇಲ್ಲವೋ ಎಂಬ ಅನುಮಾನ ಈಗಲೂ ಇದೆ.

ದೊಡ್ಡ ಯುದ್ಧದ ಸುದ್ದಿ ಯಲಬುರ್ಗಿಯ ಸಂತೆಗೂ ಬರುತ್ತಿದ್ದ ಬೇಸಿಗೆ ಅದು. ನಮ್ಮೂರಿಗೆಲ್ಲ ಇದ್ದುದು ಒಂದೇ ಮೆಟ್ಟಿಲು ಬಾವಿ. ಎಲ್ಲರೂ ನೀರಿಗಿಳಿದೇ ಕೊಡ ತುಂಬಬೇಕು. ನಾರುಹುಣ್ಣು ಊರಿಗೆ ಹೊಸದಲ್ಲ. ಕಾಲಲ್ಲಿ ಬೊಕ್ಕೆ ಒಡೆದು ದಾರದಂಥ ಹುಳು ಹೊರಬರುತ್ತದೆ, ಮನುಷ್ಯ ತಿಂಗಳುಗಟ್ಟಲೆ ಏಳುವುದಿಲ್ಲ. ಹುಣ್ಣಿನ ಕಾಲು ತಾಗಿದರೆ ಹುಳುವಿನ ಮರಿಗಳು ನೀರಿಗೆ ಬೀಳುತ್ತವೆ, ಆ ನೀರು ಕುಡಿದವರಿಗೆ ಮರುವರ್ಷ ನಾರು ಏಳುತ್ತದೆ ಎಂದು ಮಾಸ್ತರರು ಹೇಳಿದ್ದರು. ಹುಣ್ಣಿದ್ದವರು ಬಾವಿಗಿಳಿಯಬಾರದು, ಕುಡಿಯುವವರು ಬಟ್ಟೆಯಲ್ಲಿ ಸೋಸಿ ಕುಡಿಯಬೇಕು. ಇಷ್ಟೇ.

ನನ್ನ ಹೆಂಡತಿ ಹಂಪವ್ವ ಆಗ ಚೊಚ್ಚಲ ಬಸುರಿ. ಮರುವರ್ಷ ಕೂಸನ್ನು ಎತ್ತಿಕೊಂಡು ನಡೆಯಬೇಕಾದವಳು ಹಾಸಿಗೆ ಹಿಡಿದರೆ? ಮನೆಯಲ್ಲೇನೋ ಸೋಸುತ್ತಿದ್ದೆವು. ಬಾವಿಗೆ ಹೋದಾಗ ಮಾತ್ರ ಬಾಯಾರಿ ಬೊಗಸೆಯಲ್ಲಿ ಕುಡಿದುಬಿಡುತ್ತಿದ್ದಳು. ಕೇಳಿದರೆ, "ಬಾಯಿಗೆ ಅರಿವಿ ಕಟ್ಟಿಕೊಂಡು ಹೋಗ್ಲೇನು?" ಎಂದು ನಗುತ್ತಿದ್ದಳು.

ಅಷ್ಟರಲ್ಲಿ ಪಕ್ಕದ ಮನೆಯ ಮಾರೆವ್ವನ ಕಾಲಲ್ಲಿ ನಾರು ಎದ್ದಿತು. ನಮ್ಮ ಜೊತೆಗೇ ಕೂಲಿಗೆ ಬರುತ್ತಿದ್ದ ವಿಧವೆ. ನೀರು ತಂದುಕೊಡುವವರು ಯಾರೂ ಇರಲಿಲ್ಲ. ಅವಳ ಕೊಡವನ್ನು ನಾನೇ ಹೊತ್ತೆ. ಬಾವಿಯಲ್ಲಿ ಹೆಂಗಸರು ಚೇಷ್ಟೆ ಮಾಡದೆ ಬಿಡಲಿಲ್ಲ.

"ಮಾರೆವ್ವಗ ಸೊಸಿ ಬಂದಾಳ ನೋಡ್ರೇ, ಮೀಸಿ ಬ್ಯಾರೆ ಅದಾವ!" ಎಂದಳು ದುರಗಮ್ಮ.

ತಲೆ ತಗ್ಗಿಸಿ ತುಂಬಿಕೊಂಡು ಬಂದೆ.

ಕೆಲವು ದಿನಗಳಾದ ಮೇಲೆ ಮಾರೆವ್ವ ಅತ್ತಳು. "ಕುಡಿಯಾಕ ನೀರು ತರ್ತಿ, ಖರೆ ತಮ್ಮಾ. ಈ ಉರಿಗೆ ಏನ ಮಾಡ್ಲಿ? ಬಾವ್ಯಾಗ ಕಾಲಿಟ್ಟರ ಜೀವ ತಣ್ಣಗಾಗತೈತಿ."

"ಬ್ಯಾಡಬೇ ಯವ್ವಾ. ಬೋಗುಣ್ಯಾಗ ನೀರು ಹಾಕಿಕೊಡ್ತೀನಿ, ಮನ್ಯಾಗ ಕಾಲಿಟ್ಟುಕೊಂಡು ಕುಂದರು."

ಅಂದಿನಿಂದ ಒಂದು ಕೊಡ ಹೆಚ್ಚಿಗೆ ಹೊತ್ತೆ. ನನ್ನಿಂದಲೂ ಊರಿಗೆ ಏನೋ ಆಗುತ್ತಿದೆ ಎಂದು ಒಳಗೊಳಗೆ ಸಮಾಧಾನ.

ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿಸಿ ಬರುವಾಗ ನೋಡಿದೆ. ಮಾರೆವ್ವ ಬಾವಿಯ ಮೇಲಿನ ಮೆಟ್ಟಿಲಲ್ಲಿ ಕೂತು ಬೋಗುಣಿಯನ್ನು ಬಗ್ಗಿಸುತ್ತಿದ್ದಳು. ನೀರು ಮೆಟ್ಟಿಲುಗಳ ಮೇಲೆ ಹರಿದು ಬಾವಿಗೆ ಇಳಿಯುತ್ತಿತ್ತು.

"ಏನ ಮಾಡಾಕತ್ತೀಬೇ?"

"ನೀರು ತಿರುಗಿ ಹಾಕಾಕತ್ತೀನಿ. ಬಾವಿ ಬತ್ತಾಕತ್ತೈತಿ. ನನ್ನೊಬ್ಬಾಕಿ ಕಾಲಿಗಂತ ಇಷ್ಟು ನೀರು ಚೆಲ್ಲಿದರ ಪಾಪ ಅಲ್ಲೇನು? ದಿನಾ ಕುಂಟಿಕೊಂತ ತಂದು ಹಾಕ್ತೀನಿ." ಹೆಮ್ಮೆಯಿಂದ ಕಾಲು ತೋರಿಸಿದಳು. "ನೋಡು ಹೊನ್ನೂರಪ್ಪಾ, ನೀ ಹೇಳಿದಂಗ ಬಾವ್ಯಾಗ ಕಾಲಿಟ್ಟಿಲ್ಲ."

ಬೋಗುಣಿಯನ್ನು ಕಸಿದುಕೊಂಡೆ. ಹುಣ್ಣಿನ ಕಾಲಿಟ್ಟ ಆ ನೀರಿನಲ್ಲೂ ಹುಳುವಿನ ಮರಿಗಳಿರುತ್ತವೆ ಎಂದು ಬಿಡಿಸಿ ಹೇಳಿದೆ. ಅವಳ ಮುಖ ಕಪ್ಪಿಟ್ಟಿತು.

"ಹಂಗಾರ ಊರಿಗೆ ವಿಷ ಹಾಕಿದ್ನೇನೋ?"

"ಇಲ್ಲಬೇ, ಹಂಗೇನಿಲ್ಲ" ಎಂದೆ. ಬೇರೆ ಏನು ಹೇಳಲಿ?

ಬಾವಿಯನ್ನು ಬರಿದು ಮಾಡಿಸೋಣ ಎಂದರೆ ಊರಿಗೆ ಇನ್ನೊಂದು ಬಾವಿ ಇಲ್ಲ. ಯಾಕೆಂದು ಗೌಡರು ಕೇಳಿದರೆ ಮಾರೆವ್ವನ ಹೆಸರು ಹೇಳಬೇಕು. ಕುಡಿಯುವ ಮೊದಲು ಸೋಸಿರೆಂದು ಮನೆಮನೆಗೆ ಹೋಗಿ ಕೈಮುಗಿದೆ. ಕೆಲವರು ಸೋಸಿದರು, ಕೆಲವರು ನಕ್ಕರು. ಹಂಪವ್ವನಿಗೆ ಬಾವಿಗೆ ಹೋಗುವುದೇ ಬೇಡವೆಂದೆ. ಅಷ್ಟರಲ್ಲಿ ಎಷ್ಟು ಬೊಗಸೆ ಕುಡಿದಿದ್ದಳೋ.

ಮರು ಬೇಸಿಗೆಯಲ್ಲಿ ಅವಳ ಹಿಮ್ಮಡಿಯ ಮೇಲೆ ಬೊಕ್ಕೆ ಎದ್ದಿತು. ಎಳೆಗೂಸು ಅವಳ ಪಕ್ಕದಲ್ಲೇ ಮಲಗಿ ಅಳುತ್ತಿತ್ತು. ಎತ್ತಿಕೊಂಡು ಏಳಲು ಅವಳಿಂದ ಆಗುತ್ತಿರಲಿಲ್ಲ.

ಆ ಹುಳು ಬೋಗುಣಿಯ ನೀರಿನದೋ, ಅದಕ್ಕೂ ಮೊದಲಿನದೋ, ಕೂಲಿಗೆ ಹೋದ ಯಾವುದೋ ಪಕ್ಕದೂರ ಹೊಲದ ಬಾವಿಯದೋ, ನನಗೆ ಗೊತ್ತಿಲ್ಲ. ನಾನು ಸುಮ್ಮನಿದ್ದಿದ್ದರೆ ಊರಲ್ಲಿ ನಾರು ಹೆಚ್ಚುತ್ತಿತ್ತೋ, ಕಡಿಮೆಯಾಗುತ್ತಿತ್ತೋ, ಅದೂ ಗೊತ್ತಿಲ್ಲ.